ನಮ್ಮ ಚಾಳಿಗೂ ರಾಮ್‌ಸರ್ ಪಟ್ಟ

ಅಕ್ಕನ ಮಗಳು ಕನ್ನಡ ಮಾಧ್ಯಮದಲ್ಲಿ ಆರನೇ ಕ್ಲಾಸು. ಮುಂಬೈ ಕುರ್ಲಾದ ನಮ್ಮ ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ವಠಾರದಲ್ಲಿ, ಕೂತು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು: "ಬಿದ್ದ ಮಳೆಯೆಲ್ಲ ಹರಿದು ಒಂದೇ ಕಡೆ ಸೇರಿದರೆ, ಆ ಇಡೀ ಪ್ರದೇಶ ಜಲಾನಯನ." ನಾನು ಬಾಗಿಲಿಗೆ ಮರಳಿನ ಚೀಲ ಅಡ್ಡ ಇಡುತ್ತಿದ್ದೆ.

"ಮಾವ, ಆ ಒಂದೇ ಕಡೆ ಅಂದ್ರೆ ನಮ್ಮ ಮನೇನಾ?"

ಪುಸ್ತಕದ ಪ್ರಕಾರ ಅಲ್ಲ. ವಿಹಾರ್, ಪವಾಯಿ ಕೆರೆಗಳು ತುಂಬಿ ಚೆಲ್ಲಿದ ನೀರು ಮೀಠಿ ನದಿಯಾಗಿ, ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾಡಿ, ಅಂದರೆ ಸಮುದ್ರದ ಕಿರುಚಾಚು, ಸೇರಬೇಕು. ದಾರಿಯಲ್ಲಿ ವಿಮಾನ ನಿಲ್ದಾಣ ಬಂತು, ನದಿಯನ್ನೇ ರಿಕ್ಷಾ ತಿರುಗಿಸಿದ ಹಾಗೆ ತಿರುಗಿಸಿದರು. ಪಕ್ಕದ ಜೌಗಿಗೆ ಮಣ್ಣು ತುಂಬಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎಬ್ಬಿಸಿದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ನಾವು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನಾಲಾ ಒಂದು ನದಿ ಅಂತ ಊರಿಗೆ ನೆನಪಾದದ್ದು ಅವತ್ತೇ. ಮೀಠಿ ಅಂದರೆ ಸಿಹಿ. ಹೆಸರಿಟ್ಟವನು ಕುಡಿದು ನೋಡಿದ್ದನೋ, ಸುಮ್ನೆ ಕುಡಿದಿದ್ದನೋ!

ಮುಂದಿನ ಪಾಠ ಜೌಗು ಪ್ರದೇಶ. ಜೌಗು ಉಳಿಸಲು ದೇಶಗಳೆಲ್ಲ ಸೇರಿ ಮಾಡಿಕೊಂಡ 1971ರ ರಾಮ್‌ಸರ್ ಒಪ್ಪಂದದವರು ಬಹಳ ಧಾರಾಳಿಗಳು. ಸಹಜವೋ ಕೃತಕವೋ, ಕಾಯಮ್ಮೋ ತಾತ್ಕಾಲಿಕವೋ, ನಿಂತ ನೀರೋ ಹರಿಯುವ ನೀರೋ, ಎಲ್ಲ ನಡೆಯುತ್ತದೆ. ಸಮುದ್ರದ ನೀರಾದರೆ ಮಾತ್ರ ಇಳಿತದ ಹೊತ್ತಿಗೆ ಆಳ 6 ಮೀಟರ್ ದಾಟಬಾರದು. ಹುಡುಗಿ ಗೋಡೆ ನೋಡಿದಳು. ಹೋದ ಮಳೆಗಾಲದ ಕೆಸರಿನ ಗೆರೆ ಅಡುಗೆ ಕಟ್ಟೆಗಿಂತ ಒಂದು ಗೇಣು ಮೇಲಿತ್ತು.

"ಆರು ಮೀಟರ್ ಎಲ್ಲಿ ಬಂತು ಮಾವ? ನಾವೂ ಪಾಸ್!"

ಠಾಣೆ ಖಾಡಿಗೆ 2022ರಲ್ಲಿ ರಾಮ್‌ಸರ್ ಪಟ್ಟ ಸಿಕ್ಕಿದೆ. ಅಲ್ಲಿ ಫ್ಲೆಮಿಂಗೊ ಇವೆ, ಇಲ್ಲಿ ಹೆಗ್ಗಣ. ಅಷ್ಟೇ ಫರಕು, ಅಲ್ವಾ?

ನಮ್ಮ ದೇಶದ 2017ರ ಜೌಗು ನಿಯಮ ಮಾತ್ರ ಇಷ್ಟು ಧಾರಾಳ ಅಲ್ಲ. ನದಿ ಪಾತ್ರ, ಕುಡಿಯುವ ನೀರಿಗೆ ಕಟ್ಟಿದ ಕೆರೆ, ಭತ್ತದ ಗದ್ದೆ ಯಾವುದೂ ಜೌಗಿನ ಲೆಕ್ಕಕ್ಕಿಲ್ಲ. ಹಾಗಾದರೆ ಉಡುಪಿಯಲ್ಲಿ ನಮ್ಮಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೇಜಿ ನೆಟ್ಟದ್ದು ಎಲ್ಲಿ? ಒಣ ನೆಲದಲ್ಲಿ ಇರಬೇಕು.

ಪರೀಕ್ಷೆಯಲ್ಲಿ ಜೌಗಿಗೊಂದು ಉದಾಹರಣೆ ಕೇಳಿದ್ದರು. ಇವಳು "ನಮ್ಮ ಚಾಳು" ಅಂತ ಬರೆದಳು. ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಬಂತು. ಪೇಪರು ಹಂಚಲು ಟೀಚರ್ ಅವತ್ತು ಎರಡು ಗಂಟೆ ತಡವಾಗಿ ಬಂದರಂತೆ, ಚಪ್ಪಲಿ ಕೈಯಲ್ಲಿ ಹಿಡಿದು. ಹಳಿ ಮೇಲೆ ನೀರು ನಿಂತಿತ್ತು.