ಜೂನ್ 31ಕ್ಕೆ ಮುಗಿಯುವ ಇಂಟರ್ನ್‌ಶಿಪ್

ದೊಡ್ಡ ಲಾ ಫರ್ಮಿಗೆ ಕಳಿಸಿದ ಅರ್ಜಿ ಕಾನೂನು ಗೊತ್ತಿಲ್ಲದ್ದಕ್ಕೆ ಬಿದ್ದುಹೋಗುವುದು ಅಪರೂಪ. ಅಷ್ಟು ದೂರ ಅದು ತಲುಪಿದರೆ ತಾನೇ? "ಜೂನ್ 1ರಿಂದ 31ರವರೆಗೆ ಬರಬಲ್ಲೆ" ಎಂಬ ಸಾಲಿನಲ್ಲೇ ಅದರ ಕಥೆ ಮುಗಿದಿರುತ್ತದೆ. ಓದುವವರು ಸಾಮಾನ್ಯದವರಲ್ಲ. ನೂರಿಪ್ಪತ್ತು ಪುಟದ ಷೇರು ಖರೀದಿ ಕರಾರಿನಲ್ಲಿ ಕಲಮಿನ ಸಂಖ್ಯೆ 14.3 ಎಂದಿರಬೇಕಾದ ಕಡೆ 14.2 ಎಂದಿದ್ದರೆ ರಾತ್ರಿ ಹನ್ನೊಂದಕ್ಕೂ ಕೂತು ತಿದ್ದುವ ಜನ. ಅವರ ಕಣ್ಣಿಗೆ ಜೂನ್ 31 ಬೀಳದಿರುತ್ತದೆಯೇ?

ಇಂಟರ್ನ್‌ಗಳಿಗೆ ಕೊಡುವ ಕೆಲಸವೂ ಇದೇ ಜಾತಿಯದು. ಡ್ಯೂ ಡಿಲಿಜೆನ್ಸ್ ಎಂದರೆ ಮಾರಾಟಕ್ಕಿರುವ ಕಂಪನಿಯ ಸಾಲಪತ್ರ, ಬಾಡಿಗೆ ಕರಾರು, ಬೋರ್ಡಿನ ನಿರ್ಣಯಗಳನ್ನೆಲ್ಲ ಓದಿ ಎಕ್ಸೆಲ್ ಕೋಷ್ಟಕಕ್ಕೆ ಇಳಿಸುವುದು. ಮತ್ತೊಂದು, ಕರಾರಿನಲ್ಲಿ ದಪ್ಪಕ್ಷರದಲ್ಲಿ ವ್ಯಾಖ್ಯಾನ ಕೊಟ್ಟ ಪದಗಳು ಒಳಗೆ ಎಲ್ಲಾದರೂ ಬಳಕೆಯಾಗಿವೆಯೇ, ಬಳಸಿದ ಪದಗಳಿಗೆ ವ್ಯಾಖ್ಯಾನ ಇದೆಯೇ ಎಂದು ಹುಡುಕುವುದು. ಹಾಗಾಗಿ ಅರ್ಜಿಯನ್ನೇ ಅವರು ನಿಮ್ಮ ಮೊದಲ ಕೆಲಸವೆಂದು ಎಣಿಸುತ್ತಾರೆ.

ಕಾಸರಗೋಡಿನವರಿಗೆ ತೊಡಕು ಹೆಸರಿನಿಂದಲೇ ಶುರು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್ ಕೊನೆಗೆ, ಆಧಾರಿನಲ್ಲಿ ಮೊದಲಿಗೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿಕೊಂಡು ಅಪ್ಪನ ಹೆಸರಾಗಿರುತ್ತದೆ. ಆನ್‌ಲೈನ್ ಫಾರ್ಮು ಮಾತ್ರ "ಸರ್‌ನೇಮ್" ಎಂದು ಕೆಂಪು ನಕ್ಷತ್ರ ಹಾಕಿ ಕಾಯುತ್ತದೆ. ಅಲ್ಲಿ ಬರೇ "ಕೆ" ಎಂದು ತುಂಬಿಸಿದವರಿಗೆ "ಡಿಯರ್ ಮಿಸ್ಟರ್ ಕೆ" ಎಂದು ಉತ್ತರ ಬರುತ್ತದೆ. ಇನ್ನು ಊರು. ಮನೆಯಲ್ಲಿ ಮಂಜೇಶ್ವರ, ಸರಕಾರಿ ಪಟ್ಟಿಯಲ್ಲಿ ಮಂಜೇಶ್ವರಂ. ಮನೆಯಲ್ಲಿ ಕುಂಬಳೆ, ಪಟ್ಟಿಯಲ್ಲಿ ಕುಂಬಳ. ವಿಳಾಸ ಕೇರಳ, ಕಾಲೇಜು ಮಂಗಳೂರು, ವಿಶ್ವವಿದ್ಯಾಲಯ ಹುಬ್ಬಳ್ಳಿ. ಇದನ್ನು ನೋಡಿದ ಎಚ್‌ಆರ್‌ನವರಿಗೆ ಮೂರು ಜನ ಸೇರಿ ಒಂದು ಅರ್ಜಿ ಹಾಕಿದಂತೆ ಕಂಡರೆ ಅವರ ತಪ್ಪಲ್ಲ. ಎಸ್ಸೆಸ್ಸೆಲ್ಸಿ ಪುಸ್ತಕದ ಸ್ಪೆಲ್ಲಿಂಗನ್ನೇ ಸಿವಿ, ಇಮೇಲ್ ಖಾತೆ, ಕಾಲೇಜು ಕೊಡುವ ಎನ್‌ಒಸಿ (ನಮ್ಮ ಆಕ್ಷೇಪವಿಲ್ಲ ಎಂಬ ಪತ್ರ) ಮೂರರಲ್ಲೂ ಹಾಕಿ. ಸರ್‌ನೇಮ್ ಕೇಳಿದಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು ತುಂಬಿಸಿ. ಹತ್ತನೇ ಕ್ಲಾಸಿನಲ್ಲಿ ಮಾಡಿಕೊಂಡ ಇಮೇಲ್ ವಿಳಾಸದಲ್ಲಿ "ಕಿಂಗ್" ಎಂಬ ಶಬ್ದ ಇದ್ದರೆ ಬೇರೆ ಖಾತೆ ತೆರೆಯಿರಿ.

ಎನ್‌ಒಸಿಗೆ ಕಾಲೇಜಿನ ಆಫೀಸಿಗೆ ಮೊದಲೇ ಹೋಗಬೇಕು. ಅದರಲ್ಲಿ ಸೆಮಿಸ್ಟರ್, ಆರಂಭ ಮತ್ತು ಕೊನೆಯ ದಿನಾಂಕ ಇರಲೇಬೇಕು. ಬಾರ್ ಕೌನ್ಸಿಲ್ಲಿನ 2008ರ ನಿಯಮದಂತೆ ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ, ಮೂರು ವರ್ಷದ್ದಕ್ಕೆ 12 ವಾರ ಇಂಟರ್ನ್‌ಶಿಪ್ ಕಡ್ಡಾಯ, ಒಂದು ವರ್ಷದಲ್ಲಿ ಎಡೆಬಿಡದೆ ನಾಲ್ಕು ವಾರ ಮೀರುವಂತಿಲ್ಲ. ಕೋರ್ಸು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ಕೋರ್ಟಿನ ಮತ್ತು ಮೇಲ್ಮನವಿ ಕೋರ್ಟಿನ ವಕೀಲರ ಬಳಿ ಇರಬೇಕು. "ಕೋರ್ಟಿಗೇ ಹೋಗದ ವಕೀಲನಾ? ಅದೆಂಥ ವಕೀಲಿಕೆ! ವಿದ್ಯಾನಗರ ಕೋರ್ಟಿನಲ್ಲಿ ನಮ್ಮ ಪರಿಚಯದವರು ಇದ್ದಾರೆ, ಹೇಳ್ತೇನೆ" ಎನ್ನುವ ಅಪ್ಪಚ್ಚಿಯ ಮಾತನ್ನು ಹಾಗಾಗಿ ತಳ್ಳಿಹಾಕಬೇಡಿ. ನಿಯಮದ ಅರ್ಧ ಭಾಗ ಅವರ ಕೈಯಲ್ಲೇ ಇದೆ.

ಆಮೇಲೆ ಸ್ಕ್ಯಾನು. ಕೇರಳ ಸರಕಾರದ ಆನ್‌ಲೈನ್ ಸೇವೆ ಸಿಗುವ ಅಕ್ಷಯ ಕೇಂದ್ರಕ್ಕೆ ಹೋಗಿ "ಚೆಂದ ಬರಲಿ" ಎಂದು ಹೇಳಿದರೆ ಅವರು ಚೆಂದವೇ ಮಾಡಿಕೊಡುತ್ತಾರೆ: ಬಣ್ಣದಲ್ಲಿ, 600 ಡಿಪಿಐಯಲ್ಲಿ. ಅಂಥ ಮಾರ್ಕ್‌ಕಾರ್ಡುಗಳು ಒಂದಷ್ಟು ಸೇರಿದರೆ ಜಿಮೇಲಿನ 25 ಎಂಬಿ ಮಿತಿಗೆ ತಾಗುತ್ತವೆ. ಫರ್ಮಿನ ಪೋರ್ಟಲ್ಲು ಇನ್ನೂ ಸಣ್ಣ ಹೊಟ್ಟೆಯದು. ಕಪ್ಪು-ಬಿಳಿ, 200 ಡಿಪಿಐ ಧಾರಾಳ ಸಾಕು. ಸಿವಿ ಎರಡು ಪುಟ ಮೀರದಿರಲಿ, ಪಿಡಿಎಫ್ ಆಗಿರಲಿ. ವರ್ಡ್ ಕಡತ ಕಳಿಸಿದರೆ ಟ್ರ್ಯಾಕ್ ಚೇಂಜಸ್‌ನಲ್ಲಿ ಗೆಳೆಯ ಬರೆದ "ಇದು ಸುಳ್ಳು ಅಂತ ಗೊತ್ತಾಗ್ತದೆ ಮಾರಾಯ" ಎಂಬ ಟಿಪ್ಪಣಿಯೂ ಜೊತೆಗೆ ಹೋಗುತ್ತದೆ. ಕಡತದ ಹೆಸರು "ಫೈನಲ್ ಫೈನಲ್ 2" ಎಂದಿರಬಾರದು. ನಿಮ್ಮ ಹೆಸರು ಮತ್ತು ತಿಂಗಳು ಇದ್ದರೆ ಆಯಿತು.

ಕವರ್ ಲೆಟರಿನ ದೊಡ್ಡ ಅಪಾಯ ಕಾಪಿ-ಪೇಸ್ಟ್. ಅಮರ್‌ಚಂದ್ ಮಂಗಲದಾಸ್ ಎಂಬ ಹಳೆಯ ಫರ್ಮು 2015ರಲ್ಲಿ ಅಣ್ಣತಮ್ಮಂದಿರ ನಡುವೆ ಪಾಲಾಗಿ ಶಾರ್ದೂಲ್ ಅಮರ್‌ಚಂದ್ ಮಂಗಲದಾಸ್, ಸಿರಿಲ್ ಅಮರ್‌ಚಂದ್ ಮಂಗಲದಾಸ್ ಎಂದು ಎರಡಾಯಿತು. ಒಬ್ಬರಿಗೆ ಬರೆದದ್ದರಲ್ಲಿ ಇನ್ನೊಬ್ಬರ ಹೆಸರು ಉಳಿದರೆ, ಪಾಲಾದ ಅಣ್ಣನ ಮನೆಯ ಮದುವೆಯಲ್ಲಿ ತಮ್ಮನ ಮನೆಯವನೆಂದು ಹೇಳಿಕೊಂಡು ಊಟಕ್ಕೆ ಕೂತ ಹಾಗೆ. ಮಹಿಳಾ ಪಾರ್ಟ್‌ನರಿಗೆ "ಡಿಯರ್ ಸರ್" ಬರೆಯುವುದೂ, ಇಪ್ಪತ್ತು ಫರ್ಮುಗಳ ವಿಳಾಸ ಒಟ್ಟಿಗೆ ಹಾಕಿ ಒಂದೇ ಮೇಲ್ ಕಳಿಸುವುದೂ ಇದೇ ಸಾಲಿಗೆ ಸೇರುತ್ತವೆ.

ಇಷ್ಟೆಲ್ಲ ಕಸರತ್ತು ಮಾಡಿದವರು ಬರೆಯಬೇಕಾದ್ದನ್ನೇ ಬಿಡುತ್ತಾರೆ. ಭಾಷೆ ಎಂಬಲ್ಲಿ "ಇಂಗ್ಲಿಷ್, ಹಿಂದಿ" ಎಂದು ಹಾಕಿ ಕೈತೊಳೆದುಕೊಳ್ಳುತ್ತಾರೆ. ಆ ಹಿಂದಿ ಟಿವಿಯಿಂದ ಬಂದದ್ದು. ಕನ್ನಡ, ಮಲಯಾಳ ಎರಡನ್ನೂ ಓದಬಲ್ಲವರು ಬೆಂಗಳೂರಿನ ಕಾರ್ಪೊರೇಟ್ ತಂಡದಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಇಲ್ಲಿಯ ಹಳೆಯ ಜಾಗದ ಪತ್ರಗಳು ಕನ್ನಡದಲ್ಲಿವೆ, ಹೊಸವು ಮಲಯಾಳದಲ್ಲಿ. ಫ್ಯಾಕ್ಟರಿಗೋ ಸೋಲಾರಿಗೋ ಜಾಗ ಕೊಳ್ಳುವಾಗ ಅನುವಾದಕರಿಗೆ ಕಾಯದೆ ಅದನ್ನು ಓದಬಲ್ಲ ಇಂಟರ್ನ್ ಬಂದರೆ ರಿಯಲ್ ಎಸ್ಟೇಟ್ ತಂಡದವರು ಬಿಟ್ಟುಕೊಡುವುದು ಕಷ್ಟ. ತುಳುವನ್ನೂ ಬರೆಯಿರಿ, ಜಾಗ ಇದ್ದೇ ಇದೆ.

ಸಂದರ್ಶನದಲ್ಲಿ ವ್ಯವಹಾರದ ತಿಳುವಳಿಕೆ ಎಷ್ಟಿದೆ ಎಂದು ಕೇಳುತ್ತಾರೆ. ಆಗ ಪತ್ರಿಕೆಯಲ್ಲಿ ಓದಿದ ಯಾವುದೋ ವಿಲೀನವನ್ನು ಬಾಯಿಪಾಠ ಒಪ್ಪಿಸಿ, ಎರಡನೇ ಪ್ರಶ್ನೆಗೆ ಬಾಯಿ ಒಣಗಿಸಿಕೊಳ್ಳುವವರೇ ಹೆಚ್ಚು. ಅಡಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕೇಂದ್ರ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಅಂಗಳದಲ್ಲಿ ದಿನವೂ ಚರ್ಚೆಯಾದ ವಿಷಯ. ಆಮದು ನೀತಿ ಒಂದು ವ್ಯಾಪಾರವನ್ನು ಹೇಗೆ ತಿರುಗಿಸುತ್ತದೆ ಎನ್ನುವುದಕ್ಕೆ ಅದೇ ಉತ್ತರ. ಮುಂದುವರಿದು, ಷೇರುಪೇಟೆಯ ಕಂಪನಿಯಲ್ಲಿ ಯಾರಾದರೂ 25 ಶೇಕಡ ಮತಾಧಿಕಾರ ತಲುಪಿದರೆ ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ನಿಯಮದಂತೆ ಇನ್ನೂ ಕನಿಷ್ಠ 26 ಶೇಕಡಕ್ಕೆ ಓಪನ್ ಆಫರ್, ಅಂದರೆ ಉಳಿದ ಷೇರುದಾರರಿಗೆ ನಿಮ್ಮ ಷೇರು ಕೊಳ್ಳುತ್ತೇನೆಂಬ ಬಹಿರಂಗ ಆಹ್ವಾನ, ಕೊಡಬೇಕು ಎನ್ನಿ. 1973ರಲ್ಲಿ ಹುಟ್ಟಿದ, ಅಡಕೆ ಬೆಳೆಗಾರರ ಕ್ಯಾಂಪ್ಕೊ ಮಾತ್ರ ಬಹುರಾಜ್ಯ ಸಹಕಾರಿ ಸಂಘ. ಅಲ್ಲಿ ಬೆಳೆಗಾರನ ಷೇರು ಎಷ್ಟೇ ಇರಲಿ ಮತ ಒಂದೇ, ಆದ್ದರಿಂದ ಆ ದಾರಿಯಲ್ಲಿ ಅದನ್ನು ಕೈವಶ ಮಾಡಿಕೊಳ್ಳಲಾಗದು ಎಂದೂ ಸೇರಿಸಿ. ಕೇಳುವವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬರುತ್ತಾರೆ.

ಅಷ್ಟರಲ್ಲಿ ತೋಟದಲ್ಲಿ ಮದ್ದು ಬಿಡುವ ಪಂಪು ಸ್ಟಾರ್ಟ್ ಆಗುತ್ತದೆ. ಮಳೆ ಬಿಟ್ಟ ಒಂದು ಹೊತ್ತು ಸಿಕ್ಕರೆ ಬೋರ್ಡೋ ದ್ರಾವಣ ಹೊಡೆಯಲೇಬೇಕು, ಇಲ್ಲದಿದ್ದರೆ ಕೊಳೆರೋಗ; ನಿಮ್ಮ ಜೂಮ್ ಸಂದರ್ಶನಕ್ಕೆಂದು ಯಾರೂ ನಿಲ್ಲಿಸುವುದಿಲ್ಲ. ಜೂನ್, ಜುಲೈಯಲ್ಲಿ ಸಂದರ್ಶನವಿದ್ದರೆ ಪೇಟೆಯಲ್ಲಿ ಒಂದು ಕೋಣೆ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಎರಡು ಕಂಪನಿಯ ಸಿಮ್ ಇರಲಿ, ಹರತಾಳ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿ.

ಲಂಡನ್ ಫರ್ಮುಗಳ ಟ್ರೇನಿಂಗ್ ಕಾಂಟ್ರಾಕ್ಟಿಗೆ, ಅಂದರೆ ಅಲ್ಲಿ ವಕೀಲರಾಗುವ ಮೊದಲಿನ ತರಬೇತಿಗೆ, ಕಣ್ಣಿಟ್ಟವರಿಗೆ ಒಂದೇ ಮಾತು. ಅದು ಎರಡು ವರ್ಷದ್ದು, ಸಾಮಾನ್ಯವಾಗಿ ಆರಾರು ತಿಂಗಳಂತೆ ನಾಲ್ಕು ವಿಭಾಗ. ಅರ್ಜಿಯ ಗಡುವು ಅಲ್ಲಿಯ ಚಳಿಗಾಲದ ರಾತ್ರಿ 11.59 ಎಂದರೆ ನಮ್ಮಲ್ಲಿ ಮರುದಿನ ಬೆಳಗ್ಗೆ 5.29, ಬೇಸಗೆಯಲ್ಲಾದರೆ 4.29. ಆ ಒಂದು ಗಂಟೆ ಗೊತ್ತಿಲ್ಲದೆ ನಿದ್ದೆ ಮಾಡಿದವರಿದ್ದಾರೆ.

ಬೆಂಗಳೂರಿನಲ್ಲಿ ಸೋಮವಾರ ಸೇರಬೇಕಾದರೆ ಭಾನುವಾರ ರಾತ್ರಿಯ ರೈಲು ನಂಬಬೇಡಿ. 2024ರ ಜುಲೈ ಕೊನೆಗೆ ಘಾಟಿಯಲ್ಲಿ ಎಡಕುಮೇರಿ ಹತ್ತಿರ ಹಳಿಯಡಿಯ ಮಣ್ಣು ಜರಿದು ಆ ದಾರಿಯ ಓಡಾಟವೇ ನಿಂತಿತ್ತು. ಶೂ ಹಿಂದಿನ ವಾರವೇ ಹೊರಗೆ ತೆಗೆಯಿರಿ, ಬೂಷ್ಟು ಹಿಡಿದಿರುತ್ತದೆ. ಕೊರಳಿಗೆ ಬಿಳಿ ಬ್ಯಾಂಡ್ ಕಟ್ಟಿಕೊಂಡು ಹೋಗಬೇಡಿ, ಅದು ಸನದು ಪಡೆದ ವಕೀಲರಿಗೆ ಮಾತ್ರ.

ಅರ್ಜಿ ಕಳಿಸಿ ಎರಡು ವಾರ ಆದಮೇಲೆ ಒಂದು ಜ್ಞಾಪನೆಯ ಮೇಲ್, ಅಷ್ಟೇ. ಆಮೇಲೆ ಬೆಂಗಳೂರಿನ 080ರಿಂದಲೋ ಮುಂಬಯಿಯ 022ರಿಂದಲೋ ಕರೆ ಬಂದರೆ ಸಾಲ ಕೊಡುವವರೆಂದು ಕಟ್ ಮಾಡಬೇಡಿ. ಸಿವಿಯಲ್ಲಿ ಮನೆಯ ಲ್ಯಾಂಡ್‌ಲೈನ್ ನಂಬರ್ ಕೊಡಲೂ ಬೇಡಿ. ಎಚ್‌ಆರ್‌ನವರು ಎಷ್ಟು ನಯವಾಗಿ ಕೇಳಿದರೂ ಅಜ್ಜಿ ಹೇಳುವುದು ಇಷ್ಟೇ: "ಅವ ಅಡಕೆ ಹೆಕ್ಕುಲೆ ಹೋಯಿದ. ನೀವು ಯಾವ ಮನೆಯವರು?"