ಗುಡಿಸಲಿನ ಮಕ್ಕಳನ್ನೂ ಬರೆದುಕೊಳ್ಳಿ
ಮೈಸೂರಿನ ಬೀದಿಯಲ್ಲಿ ಮಲಗುವ ಮಕ್ಕಳ ಬಗ್ಗೆ ಬರೆದಿದ್ದೀರಿ, ಓದಿ ಸಂಕಟವಾಯಿತು. ನಾನು ಮಂಡ್ಯದವಳು. ನಮ್ಮಲ್ಲಿ ಕಬ್ಬು ಅರೆಯೋ ಹಂಗಾಮು ಶುರುವಾದರೆ ಬಳ್ಳಾರಿ ಕಡೆಯಿಂದ ಕಟಾವಿನವರು ಬರ್ತಾರೆ. ಗದ್ದೆ ಪಕ್ಕ ಟಾರ್ಪಾಲಿನ ಗುಡಿಸಲು, ಅದರಲ್ಲೇ ಮಕ್ಕಳು. ಹೋದ ವರ್ಷ ಏಳೆಂಟು ವರ್ಷದ ಹುಡುಗಿಯೊಂದು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಮನೆಗೆ ನೀರಿಗೆ ಬರ್ತಿತ್ತು. ಸ್ಕೂಲಿಗೆ ಕರ್ಕೊಂಡು ಹೋದರೆ ‘ದಾಖಲೆ ಇಲ್ಲವಲ್ಲಮ್ಮ’ ಅಂದುಬಿಟ್ಟರು. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆಗ ನನಗೆ ಗೊತ್ತಿರಲಿಲ್ಲ, ಸುಮ್ಮನೆ ಬಂದುಬಿಟ್ಟೆ. ಆ ಮಗುವಿನ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಇಂಥ ಮಕ್ಕಳನ್ನು ನೋಡಿಕೊಳ್ಳೋಕೆ ದುಡ್ಡಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಗಾಡಿ ಗಾಡಿ ಕಬ್ಬಿಗೂ ತೂಕದ ಚೀಟಿ ಬರೀತೀವಿ. ಗುಡಿಸಲಲ್ಲಿ ಎಷ್ಟು ಮಕ್ಕಳಿವೆ ಅಂತ ನಮ್ಮೂರಲ್ಲಿ ಯಾರೂ ಬರೆದುಕೊಂಡಿದ್ದು ನಾನು ನೋಡಿಲ್ಲ. ಕೂಲಿಯವರ ಪಟ್ಟಿ ಮಾಡುವಾಗಲೇ ಮಕ್ಕಳ ಹೆಸರೂ ಬರೆದು, ಹತ್ತಿರದ ಅಂಗನವಾಡಿಗೂ ಶಾಲೆಗೂ ಕೊಡಲಿ. ಇದಕ್ಕೆಷ್ಟು ಖರ್ಚಾದೀತು?

ದಿಕ್ಕಿಲ್ಲದೆ ಅಲೆಯೋ ಮಗು ಕಂಡರೆ ದಯವಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತೆ.