ಒಲ್ಲೆ ಎನ್ನುವವನಿಗೆ ಕುಡಿತದ ಚಿಕಿತ್ಸೆ: ಬಲವಂತ ಸರಿಯೇ?

ಕುಡಿತದ ಚಟಕ್ಕೆ ಸಿಲುಕಿದವರು ಚಿಕಿತ್ಸೆಗೆ ಒಪ್ಪದಿದ್ದಾಗ, ಮನೆಯವರು ಅವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಗೆ ಅಥವಾ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದು ಸರಿಯೇ? ದಾವಣಗೆರೆಯ ಒಬ್ಬ ತಂಗಿ ಮತ್ತು ಚಿತ್ರದುರ್ಗ ಜಿಲ್ಲೆಯ, ಕುಡಿತ ಬಿಟ್ಟ ಒಬ್ಬರು ಇಲ್ಲಿ ತಮ್ಮ ತಮ್ಮ ವಾದವನ್ನು ಮಂಡಿಸಿದ್ದಾರೆ.

ಪರ: ಅವನು ಒಪ್ಪುವವರೆಗೆ ಕಾಯಲು ನಮಗೆ ಹೊತ್ತಿರಲಿಲ್ಲ

ಬೆಳಗಿನ ಜಾವ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತವರಿಗೂ ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸದ ಕಷ್ಟ ತಿಳಿಯುತ್ತದೆ. ನನ್ನ ಅಣ್ಣ ಆ ಬೆಂಕಿಯ ಮುಂದೆ ಹದಿನೆಂಟು ವರ್ಷ ದುಡಿದವನು. ಮೈಕೈ ನೋವಿಗೆಂದು ಸಂಜೆ ಹೊತ್ತು ಶುರುವಾದ ಒಂದು ಕ್ವಾರ್ಟರ್, ಬರಬರುತ್ತಾ ಬೆಳಿಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಿಸಿಕೊಳ್ಳಲು ಬೇಕಾದ ಔಷಧಿಯಾಗಿ ಹೋಯಿತು. ಬಿಡು ಎಂದರೆ "ನಾಳೆಯಿಂದ" ಎನ್ನುತ್ತಿದ್ದ. ಆಸ್ಪತ್ರೆಗೆ ಬಾ ಎಂದರೆ "ನನಗೇನು ಹುಚ್ಚು ಹಿಡಿದಿದೆಯೇ" ಎನ್ನುತ್ತಿದ್ದ. ಈ ಎರಡು ಮಾತುಗಳಲ್ಲಿಯೇ ಹನ್ನೊಂದು ವರ್ಷ ಕಳೆದುಹೋದವು.

ಒಂದು ಶ್ರಾವಣದಲ್ಲಿ ಅವನು ದೇವರ ಮೇಲೆ ಆಣೆಯಿಟ್ಟು ಒಮ್ಮೆಲೇ ಕುಡಿತ ನಿಲ್ಲಿಸಿದ. ಮನೆಯಲ್ಲಿ ಹಬ್ಬದ ಸಂಭ್ರಮ. ಮೂರನೆಯ ರಾತ್ರಿ ಅವನು ಗೋಡೆಯ ಮೇಲೆ ಇರುವೆಗಳು ಹರಿಯುತ್ತಿವೆ ಎಂದು ಉಗುರಿನಿಂದ ಗಾರೆ ಕೆರೆಯತೊಡಗಿದ. ಮೈಯೆಲ್ಲ ಬೆವರು, ತಾಯಿಯ ಗುರುತೂ ಹತ್ತಲಿಲ್ಲ. ಗಾಳಿ ಸೋಕಿದೆ ಎಂದು ಓಣಿಯ ಹಿರಿಯರೊಬ್ಬರು ನಿಂಬೆಹಣ್ಣು ಮಂತ್ರಿಸಿ ತಂದರು. ವಿಷಯ ತಿಳಿದ ಪಕ್ಕದ ಮನೆಯ ನರ್ಸ್ ಒಬ್ಬರು ಬಂದು ಗದರಿಸದೆ ಹೋಗಿದ್ದರೆ ಬೆಳಗಾಗುವುದರೊಳಗೆ ಏನಾಗುತ್ತಿತ್ತೋ ಹೇಳಲಾರೆ. ಬರುವುದಿಲ್ಲ ಎಂದು ಕೂಗಾಡುತ್ತಿದ್ದವನನ್ನು ನಾಲ್ವರು ಹಿಡಿದು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಸಾಗಿಸಿದೆವು.

ಅಲ್ಲಿ ತಿಳಿದುಕೊಂಡದ್ದನ್ನು ಎಲ್ಲರೂ ತಿಳಿದಿರಬೇಕೆಂದು ಇಲ್ಲಿ ಬರೆಯುತ್ತೇನೆ. ಮದ್ಯವು ಮೆದುಳಿನ ಚಟುವಟಿಕೆಯನ್ನು ಮಂಕುಗೊಳಿಸುತ್ತದೆ. ವರ್ಷಗಟ್ಟಲೆ ಕುಡಿದವನ ಮೆದುಳು ಆ ಮಂಕನ್ನು ಮೀರಿ ಕೆಲಸ ಮಾಡಲು ಸದಾ ಹೆಚ್ಚಿನ ವೇಗದಲ್ಲಿ ಓಡುವುದನ್ನು ರೂಢಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತಾಗ ಆ ವೇಗಕ್ಕೆ ಕಡಿವಾಣ ಇರುವುದಿಲ್ಲ. ಕೊನೆಯ ಗುಟುಕಿನ ನಂತರದ ಒಂದು ದಿನದೊಳಗೆ ನಡುಕ, ಬೆವರು, ನಿದ್ರೆಯಿಲ್ಲದ ಚಡಪಡಿಕೆ. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಜ್ಞಾನ ತಪ್ಪಿದಂತಹ ಭ್ರಮೆಯ ಸ್ಥಿತಿ ಬರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಇದರಿಂದ ಜೀವವೇ ಹೋಗಬಹುದು. ಸರಿಯಾದ ಆಸ್ಪತ್ರೆಯಲ್ಲಿ ಡಯಾಜೆಪಾಮ್‌ನಂತಹ ಔಷಧಿಗಳನ್ನು ಮೊದಲು ಹೆಚ್ಚು ಪ್ರಮಾಣದಲ್ಲಿ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ, ಜೊತೆಗೆ ಥಯಾಮಿನ್ ಎಂಬ ಬಿ1 ವಿಟಮಿನ್ ಚುಚ್ಚುತ್ತಾರೆ. ನಮ್ಮ ಕಡೆ ಸುಸ್ತಾದವರಿಗೆಲ್ಲ ಒಂದು ಗ್ಲೂಕೋಸ್ ಬಾಟಲಿ ಹಾಕಿಸುವ ಪದ್ಧತಿಯಿದೆಯಷ್ಟೆ. ಊಟ ಬಿಟ್ಟು ಕುಡಿದವನಿಗೆ ಆ ವಿಟಮಿನ್ ಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು ಎಂಬುದು ನನಗೆ ಅಂದೇ ಗೊತ್ತಾದದ್ದು.

ಹೀಗಿರುವಾಗ ಅವನ ಒಪ್ಪಿಗೆ ಎಂಬ ಮಾತಿಗೆ ಏನರ್ಥ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಸೇರಿಸಿದೆ. ರೋಗಿಯು ತನಗೋ ಇತರರಿಗೋ ಅಪಾಯ ತಂದುಕೊಳ್ಳುವಂತಿದ್ದರೆ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ಕುಸಿದಿದ್ದು ಸ್ವತಃ ನಿರ್ಧರಿಸುವ ಸ್ಥಿತಿಯಲ್ಲಿಲ್ಲದಿದ್ದರೆ, ಅವನ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಲು 89ನೆಯ ಕಲಮು ಅವಕಾಶ ಕೊಡುತ್ತದೆ. ಇದು ಮನಸ್ಸಿಗೆ ಬಂದಂತೆ ಕೂಡಿಹಾಕುವ ಪರವಾನಗಿಯಲ್ಲ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರಾಗಿರಬೇಕು; ದಾಖಲಾತಿಯ ಸಂಗತಿಯನ್ನು 7 ದಿನಗಳೊಳಗೆ, ಹೆಂಗಸರಾದರೆ 3 ದಿನಗಳೊಳಗೆ, ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು; ರೋಗಿಯು ಆ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಇಷ್ಟು ಬೇಲಿಗಳ ನಡುವೆ ನಡೆಯುವ ದಾಖಲಾತಿಯನ್ನು ದಬ್ಬಾಳಿಕೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಸ್ವಾತಂತ್ರ್ಯದ ಮಾತನ್ನಾಡುವವರು ಮನೆಯ ಉಳಿದವರ ಸ್ವಾತಂತ್ರ್ಯದ ಲೆಕ್ಕವನ್ನೂ ಇಡಲಿ. ಅಣ್ಣ "ನಾಳೆಯಿಂದ" ಎಂದ ಪ್ರತಿ ದಿನದ ಬೆಲೆಯನ್ನು ತೆತ್ತವಳು ಅತ್ತಿಗೆ. ಸ್ತ್ರೀಶಕ್ತಿ ಸಂಘದಲ್ಲಿ ಹೊಲಿಗೆ ಯಂತ್ರಕ್ಕೆಂದು ಎತ್ತಿದ ಸಾಲ ಬಾರಿನ ಬಾಕಿಗೆ ಹೋಯಿತು. ವಾರದ ಕಂತು ಮಾತ್ರ ಅವಳ ಹೆಸರಿನಲ್ಲಿಯೇ ಉಳಿಯಿತು. ಮಗ ಎಂಟನೆಯ ತರಗತಿಯಲ್ಲಿದ್ದಾಗಲೇ ಸಂಜೆ ಅಪ್ಪನನ್ನು ಹುಡುಕಿ ಚರಂಡಿಯ ಬದಿಯಿಂದ ಎಬ್ಬಿಸಿ ತರುವ ಕೆಲಸಕ್ಕೆ ಒಗ್ಗಿಹೋಗಿದ್ದ. ಮನುಷ್ಯ ತಾನಾಗಿ ಪಾತಾಳ ಮುಟ್ಟಿದ ಮೇಲೆ ಬುದ್ಧಿ ಬರುತ್ತದೆ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಆ ಪಾತಾಳಕ್ಕೆ ಅವನೊಬ್ಬನೇ ಇಳಿಯುವುದಿಲ್ಲ.

ಬಲವಂತದ ಹೆಸರಿನಲ್ಲಿ ಕೆಟ್ಟ ಕೇಂದ್ರಗಳೂ ನಡೆಯುತ್ತಿವೆ ಎಂಬುದು ನಿಜ. ಅದು ನೋಂದಣಿ ಮತ್ತು ತಪಾಸಣೆ ಸಡಿಲವಾಗಿರುವುದರ ಫಲವೇ ಹೊರತು, ಸಾಯುತ್ತಿರುವವನನ್ನು ಎತ್ತಿಕೊಂಡು ಹೋಗಬಾರದು ಎಂಬುದಕ್ಕೆ ಕಾರಣವಲ್ಲ.

ಅಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದ. ಮೊದಲ ವಾರ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದ ನಾಲ್ಕು ತಿಂಗಳಿಗೆ ಮತ್ತೆ ಕುಡಿದ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಎರಡನೆಯ ಸಲ ಅವನನ್ನು ಯಾರೂ ಹಿಡಿಯಬೇಕಾಗಲಿಲ್ಲ. ಬಟ್ಟೆಯ ಚೀಲವನ್ನು ತಾನೇ ಕಟ್ಟಿಕೊಂಡು ಆಟೋ ಕರೆಯಲು ಹೇಳಿದ, ಏಕೆಂದರೆ ಆ ವಾರ್ಡಿನ ಒಳಗೆ ಏನಿದೆಯೆಂದು ಅವನಿಗೆ ಅಷ್ಟು ಹೊತ್ತಿಗೆ ಗೊತ್ತಿತ್ತು.

ವಿರೋಧ: ಎತ್ತಿಕೊಂಡು ಹೋದದ್ದು ನನ್ನ ದೇಹವನ್ನು ಮಾತ್ರ

ನಾನು ಭೀಮಸಮುದ್ರದ ಕಡೆಯ ಅಡಿಕೆ ವ್ಯಾಪಾರದಲ್ಲಿ ಲೆಕ್ಕ ಬರೆಯುತ್ತಿದ್ದವನು. ಒಂದು ಮಧ್ಯಾಹ್ನ ನಾಲ್ವರು ಅಪರಿಚಿತರು ಮನೆಗೆ ಬಂದು ನನ್ನನ್ನು ವ್ಯಾನಿಗೆ ಹಾಕಿಕೊಂಡು ಹೋದರು. ಹಣ ಕೊಟ್ಟವರು ನನ್ನ ಮಾವ. ಕೇಂದ್ರದ ಹೆಸರು ಹೇಳುವುದಿಲ್ಲ, ಹೇಳಿ ಆಗಬೇಕಾದದ್ದೂ ಇಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ, ಒಳಗೆ ಮೂವತ್ತು ಚಾಪೆ, ವೈದ್ಯರು ವಾರಕ್ಕೊಮ್ಮೆ ಬಂದರೆ ಬಂದರು. ನಡುಕದ ಮೊದಲ ದಿನಗಳನ್ನು ನಾನು ಅಲ್ಲಿ ಯಾವ ಔಷಧಿಯೂ ಇಲ್ಲದೆ ಕಳೆದೆ. ನನ್ನ ಬಲಗಡೆಯ ಚಾಪೆಯವನಿಗೆ ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಟ್ಟರು. ಒಂದು ತಿಂಗಳೆಂದು ಹೇಳಿ ಸೇರಿಸಿದ್ದು ಮೂರು ತಿಂಗಳಾಯಿತು, ಪ್ರತಿ ತಿಂಗಳ ಹಣವೂ ಸಂದಾಯವಾಯಿತು. ಹೊರಬಂದ ದಿನ ಊರಿಗೆ ಹೋಗುವ ಬಸ್ಸು ಹತ್ತುವ ಮೊದಲೇ ಕುಡಿದೆ. ಆ ಕುಡಿತದಲ್ಲಿ ಆಸೆಗಿಂತ ಸೇಡೇ ಹೆಚ್ಚಿತ್ತು.

ಪರವಾದಿಗಳು ಕಾಯ್ದೆಯ ಬೇಲಿಗಳನ್ನು ಎಣಿಸಿ ತೋರಿಸುತ್ತಾರೆ. ಆ ಬೇಲಿಗಳು ಒಳ್ಳೆಯವೇ. ಅದೇ ಕಾಯ್ದೆ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು 95ನೆಯ ಕಲಮಿನಲ್ಲಿ ನಿಷೇಧಿಸಿದೆ, ಕೇಂದ್ರಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಆದರೆ ಅದೇ ಕಾಯ್ದೆಯ 4ನೆಯ ಕಲಮನ್ನೂ ಅವರು ಓದಬೇಕು. ವಿಷಯವನ್ನು ಅರ್ಥಮಾಡಿಕೊಳ್ಳಬಲ್ಲವನು, ತನ್ನ ನಿರ್ಧಾರದ ಪರಿಣಾಮವನ್ನು ಊಹಿಸಬಲ್ಲವನು, ಅದನ್ನು ತಿಳಿಸಬಲ್ಲವನು ನಿರ್ಧರಿಸುವ ಸಾಮರ್ಥ್ಯ ಉಳ್ಳವನು. ಅವನ ನಿರ್ಧಾರ ಇತರರಿಗೆ ತಪ್ಪಾಗಿ ಕಂಡಿತೆಂಬ ಮಾತ್ರಕ್ಕೆ ಅವನಿಗೆ ಆ ಸಾಮರ್ಥ್ಯ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ನಾನು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಲಕ್ಷಾಂತರ ರೂಪಾಯಿಗಳ ಅಡಿಕೆ ಲೆಕ್ಕವನ್ನು ತಪ್ಪಿಲ್ಲದೆ ಬರೆಯುತ್ತಿದ್ದೆ. ನನಗೆ ತಿಳಿವಳಿಕೆ ಇಲ್ಲ ಎಂದು ಯಾವ ಪ್ರಾಮಾಣಿಕ ಮನೋವೈದ್ಯರೂ ಬರೆದುಕೊಡುತ್ತಿರಲಿಲ್ಲ. ಆದ್ದರಿಂದಲೇ ನನ್ನನ್ನು ವೈದ್ಯರೇ ಇಲ್ಲದ ಕಡೆಗೆ ಒಯ್ದರು. ಬಲವಂತಕ್ಕೆ ಕಾನೂನಿನ ದಾರಿ ಕಿರಿದಾಗಿರುವುದರಿಂದ ಅದು ಹೆಚ್ಚಾಗಿ ಕಾನೂನಿನ ಹೊರಗೇ ನಡೆಯುತ್ತದೆ.

ಮೂರನೆಯ ರಾತ್ರಿಯ ಭ್ರಮೆಯಲ್ಲಿರುವವನ ಮಾತು ಬೇರೆ. ಜೀವಕ್ಕೆ ಅಪಾಯವಿದ್ದಾಗ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಕೊಡಲು ಪ್ರತ್ಯೇಕ ಅವಕಾಶವೇ ಇದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಫಿಟ್ಸ್ ಬಂದವನನ್ನು ಹೊತ್ತೊಯ್ಯುವುದು ತುರ್ತುಸೇವೆ. ಆ ಉದಾಹರಣೆಯನ್ನು ಮುಂದಿಟ್ಟುಕೊಂಡು ಉಳಿದ ಎಲ್ಲರನ್ನೂ ತಿಂಗಳುಗಟ್ಟಲೆ ಕೂಡಿಡುವುದನ್ನು ಸಮರ್ಥಿಸಬಾರದು.

ಬಲವಂತಕ್ಕೆ ಇನ್ನೊಂದು ಸದ್ದಿಲ್ಲದ ರೂಪವಿದೆ. "ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ, ಹದಿನೈದು ದಿನದಲ್ಲಿ ಎಣ್ಣೆ ಬಿಡುತ್ತಾರೆ" ಎಂದು ಪುಡಿ ಮಾರುವವರ ಜಾಹೀರಾತುಗಳನ್ನು ನಾವೆಲ್ಲ ಬಸ್ ನಿಲ್ದಾಣದ ಗೋಡೆಗಳ ಮೇಲೆ ನೋಡಿದ್ದೇವೆ. ಆ ಪುಡಿಗಳಲ್ಲಿ ಏನಿರುತ್ತದೆಯೋ ಮಾರುವವನೇ ಬಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆಯೊಂದು ಇದೆ. ಮದ್ಯವು ದೇಹದಲ್ಲಿ ಒಡೆಯುವಾಗ ಉಂಟಾಗುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವು ಮುಂದಕ್ಕೆ ಕರಗದಂತೆ ಅದು ತಡೆಯುತ್ತದೆ. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗ ಇದ್ದವನಿಗೆ ಅದು ಪ್ರಾಣಾಂತಿಕವಾಗಬಹುದು. ಕೊನೆಯ ಕುಡಿತದಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ರೋಗಿಗೆ ಎಲ್ಲವನ್ನೂ ವಿವರಿಸಿ, ಅವನ ಒಪ್ಪಿಗೆ ಪಡೆದೇ ಕೊಡಬೇಕಾದ ಔಷಧಿ ಅದು. ತಿಳಿದು ನುಂಗಿದವನಿಗೆ ಆ ಭಯವೇ ಊರುಗೋಲು. ತಿಳಿಯದೆ ನುಂಗಿದವನಿಗೆ ಅದು ಹೆಂಡತಿಯ ಕೈಯ ಅನ್ನದಲ್ಲಿ ಬಂದ ವಿಷ. ಅಂತಹ ಒಂದು ಊಟದ ನಂತರ ಆ ಮನೆಯಲ್ಲಿ ಯಾರು ಯಾರನ್ನು ನಂಬಬೇಕು?

ಮನಸ್ಸಿಲ್ಲದವನಿಗೆ ಇಲ್ಲಿ ಏನೂ ನಿಲ್ಲುವುದಿಲ್ಲ ಎಂಬುದನ್ನು ಈ ಕೆಲಸದಲ್ಲಿ ಬಹುಕಾಲ ತೊಡಗಿಕೊಂಡವರು ನಮಗಿಂತ ಚೆನ್ನಾಗಿ ಬಲ್ಲರು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಸೇರಿ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘಕ್ಕೆ ಸೇರಲು ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಅಷ್ಟು ದೂರ ಹೋಗುವುದೂ ಬೇಡ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಅಲೆದು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಹಾಕುವುದು ಕೊಡುವವನ ಕೈ. ಯಾರೂ ಕಿತ್ತು ಹಾಕಿದ್ದು ಭಿಕ್ಷೆಯಾಗುವುದಿಲ್ಲ. ಅಯ್ಯಪ್ಪನ ಮಾಲೆ ಹಾಕಿದ ದಿನಗಳಲ್ಲಿ ಬಾರಿನ ಕಡೆ ತಿರುಗಿಯೂ ನೋಡದವರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ಅವರಲ್ಲಿ ಸಂಕಲ್ಪವಿದೆ, ಮಾಲೆ ತೆಗೆದ ಮರುದಿನಕ್ಕೆ ಆಸರೆಯಿಲ್ಲ. ಕೆಲಸ ಆಗಬೇಕಾದದ್ದು ಆ ಮರುದಿನದ ವಿಷಯದಲ್ಲಿ.

ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಒಳರೋಗಿಯಾಗಿ ಚಿಕಿತ್ಸೆ ದೊರೆತದ್ದು 180 ಜನರಲ್ಲಿ ಒಬ್ಬರಿಗೆ. ಉಳಿದ ಮೂವತ್ತೇಳು ಜನರೂ ಒಲ್ಲೆ ಎಂದವರೇನಲ್ಲ. ಎಷ್ಟೋ ಜನ ಎಲ್ಲಿಗೆ ಹೋಗಬೇಕೆಂದು ತಿಳಿಯದವರು, ಹೋದರೆ ಊರಿನಲ್ಲಿ ಹೆಸರು ಕೆಡುತ್ತದೆಂದು ಅಂಜಿದವರು, ಒಂದು ದಿನದ ಕೂಲಿ ಬಿಡಲಾರದವರು. ಕುಡಿತ ಬಿಡಲೆಂದೇ ಆಸ್ಪತ್ರೆ ಸೇರಬೇಕಾಗಿಲ್ಲ, ಎಷ್ಟೋ ಜನರಿಗೆ ಹೊರರೋಗಿ ಚಿಕಿತ್ಸೆಯೇ ಸಾಕಾಗುತ್ತದೆ, ಕುಡಿಯುವ ತುಡಿತವನ್ನು ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಮಾತ್ರೆಗಳಿವೆ ಎಂಬುದು ಎಷ್ಟು ಮನೆಗಳಿಗೆ ಗೊತ್ತು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಹೊತ್ತಲ್ಲದ ಹೊತ್ತಿನಲ್ಲಿಯೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು ಎಂಬುದು? 2007ರಲ್ಲಿ ಸಾರಾಯಿ ನಿಷೇಧಿಸಿದ ಸರ್ಕಾರ ಅಂಗಡಿಯ ಕಪಾಟಿನಲ್ಲಿ ಅಗ್ಗದ ಪ್ಯಾಕೆಟ್ಟನ್ನು ಉಳಿಸಿತು. ಆ ಪ್ಯಾಕೆಟ್ ಹಳ್ಳಿ ಹಳ್ಳಿಯನ್ನು ತಲುಪಿದೆ. ಈ ನಾಲ್ಕು ಮಾತುಗಳು ತಲುಪಿಲ್ಲ.

ನನ್ನ ಮಟ್ಟಿಗೆ ದಾರಿ ತೆರೆದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಿದ್ದರು. ಅವರು ಮೊದಲು ಕೇಳಿದ್ದು, "ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ?" ಎಂದು. ಬೈಗುಳವಿರಲಿಲ್ಲ. ರಕ್ತಪರೀಕ್ಷೆ ಬರೆದರು, ಒಂದು ವಾರಕ್ಕೆ ಮಾತ್ರೆ ಬರೆದರು, ಮುಂದಿನ ವಾರ ಕುಡಿದಿದ್ದರೂ ಬನ್ನಿ ಎಂದರು. ನಾನು ಎರಡು ಸಲ ಕುಡಿದು ಜಾರಿದೆ, ಎರಡು ಸಲವೂ ಹೋಗಿ ಹೇಳಿದೆ. ಬಲವಂತವಾಗಿ ಸೇರಿಸಿದ್ದರೆ ಜಾರಿದ್ದನ್ನು ಖಂಡಿತ ಬಚ್ಚಿಡುತ್ತಿದ್ದೆ, ಏಕೆಂದರೆ ಬಾಯಿಬಿಟ್ಟರೆ ಮತ್ತೆ ವ್ಯಾನು ಬರುತ್ತದೆ.

ಆ ಆಸ್ಪತ್ರೆಗೆ ನನ್ನನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ. ನನ್ನ ಹೆಂಡತಿ ಕೆಲವು ಮಂಗಳವಾರ ಬೆಳಿಗ್ಗೆ ಸೀರೆ ಬದಲಿಸಿ ಎಲ್ಲಿಗೋ ಹೋಗಿ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದಳು. ಅಷ್ಟರಲ್ಲಿ ಮನೆಯ ರೀತಿಯೂ ಬದಲಾಗಿತ್ತು: ಕುಡಿದು ಬಂದ ರಾತ್ರಿ ಜಗಳವಿಲ್ಲ, ಬಾರಿನ ಬಾಕಿಯನ್ನು ಅವಳು ತೀರಿಸುವುದಿಲ್ಲ, ಮಂಡಿಯ ಮಾಲೀಕರಿಗೆ ನನ್ನ ಪರವಾಗಿ ಜ್ವರವೆಂದು ಸುಳ್ಳು ಹೇಳುವುದಿಲ್ಲ, ಏನೇ ಮಾತಿದ್ದರೂ ಬೆಳಿಗ್ಗೆ, ನಾನು ನೆಟ್ಟಗಿರುವಾಗ. ಒಂದು ದಿನ ತಡೆಯಲಾರದೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದೆ. ನಾನು ಒಪ್ಪದಿದ್ದುದರಿಂದ ಅವಳು ಒಬ್ಬಳೇ ಆ ವೈದ್ಯರ ಬಳಿಗೆ ಹೋಗಲು ಶುರುಮಾಡಿ ಐದು ತಿಂಗಳಾಗಿತ್ತು.